ತಗಡಿನ ಕೆಳಗಿನ ಮಣ್ಣು

ಈ ತಗಡಿನ ತುಂಡನ್ನು ಮುಂದಿನ ಸಾಲಿನಿಂದ ಕಳಿಸುತ್ತಿದ್ದೇನೆ. ಯುದ್ಧಕಾಲದಲ್ಲಿ ವಿಮಾನ ಇಳಿಯುವ ರನ್‌ವೇಗೆ ಹಾಸುತ್ತಿದ್ದ ತಗಡು ಇದು. ಒಬ್ಬೊಬ್ಬರೂ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಪಕ್ಕದವರಿಗೆ ಕೊಡಿ. ಅಂಚು ಸ್ವಲ್ಪ ಚೂಪಾಗಿದೆ, ಜೋಪಾನ.

ನಿಮ್ಮ ಕೈಯಲ್ಲಿರುವುದು ಎರಡಡಿ ತುಂಡು ಅಷ್ಟೇ. ಪೂರ್ತಿ ತಗಡು 10 ಅಡಿ ಉದ್ದ, 15 ಇಂಚು ಅಗಲ ಇರುತ್ತದೆ. ತೂಕ 66 ಪೌಂಡು, ಅಂದರೆ 30 ಕೆಜಿ. ಸಾಲಿಗೆ 29ರಂತೆ ಮೂರು ಸಾಲು, ಒಟ್ಟು 87 ತೂತು. ಒಂದು ಅಂಚಿನಲ್ಲಿ ಕೊಕ್ಕೆಗಳಿವೆ, ಇನ್ನೊಂದು ಅಂಚಿನಲ್ಲಿ ಆ ಕೊಕ್ಕೆ ಕೂರುವ ಸೀಳುಗಳಿವೆ. ಒಂದನ್ನು ಇನ್ನೊಂದಕ್ಕೆ ಸಿಕ್ಕಿಸಿ, ಪಕ್ಕಕ್ಕೆ ಜಗ್ಗಿ, ಕ್ಲಿಪ್ ಹೊಡೆದರೆ ಮುಗೀತು. ಸ್ಕ್ರೂ ಇಲ್ಲ, ಬೆಸುಗೆ ಇಲ್ಲ. ಇಬ್ಬರು ಎತ್ತಿ ತರಬಹುದು, ಇಬ್ಬರು ಜೋಡಿಸಬಹುದು.

ಇದಕ್ಕೆ ಮಾರ್ಸ್ಟನ್ ಮ್ಯಾಟ್ ಅಂತ ಹೆಸರು. ನಮ್ಮ ಸೈನ್ಯದಲ್ಲಿ ಪಿ.ಎಸ್.ಪಿ. ಶೀಟು ಅಂತಾರೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಮಾರ್ಸ್ಟನ್ ಅನ್ನೋ ಚಿಕ್ಕ ಊರಿದೆ. 1941ರ ನವೆಂಬರಿನಲ್ಲಿ ಸೈನ್ಯದ ಅಭ್ಯಾಸ ನಡೆದಾಗ ಅದರ ಹತ್ತಿರ ಇದನ್ನು ಮೊದಲು ಹಾಸಿ ಪರೀಕ್ಷೆ ಮಾಡಿದರು. ಅಲ್ಲಿಂದ ಆ ಹೆಸರು. ಮುಂದಿನ ತಿಂಗಳೇ ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯಿತು. ಆಮೇಲೆ ಇದು ಹೋಗದ ಜಾಗವಿಲ್ಲ. ಪೆಸಿಫಿಕ್ ದ್ವೀಪಗಳು, ಉತ್ತರ ಆಫ್ರಿಕಾ, ಫ್ರಾನ್ಸ್, ಬರ್ಮಾ, ನಮ್ಮ ಈಶಾನ್ಯ ಗಡಿ. ಯುದ್ಧ ಮುಗಿದ ಮೇಲೆ ಜನ ಇದನ್ನೇ ಬೇಲಿಗೆ, ಗೇಟಿಗೆ ಹಾಕಿಕೊಂಡರು. ನನಗೂ ಇದು ಸಿಕ್ಕಿದ್ದು ಗುಜರಿ ಅಂಗಡಿಯಲ್ಲೇ.

ಒಂದು ಸಣ್ಣ ಲೆಕ್ಕ ಹಾಕೋಣ. 5,000 ಅಡಿ ಉದ್ದ, 150 ಅಡಿ ಅಗಲದ ರನ್‌ವೇ ಬೇಕು ಅಂದುಕೊಳ್ಳಿ. ಒಂದು ತಗಡು ಹನ್ನೆರಡೂವರೆ ಚದರಡಿ ಮುಚ್ಚುತ್ತದೆ. ಹಾಗಾದರೆ 60,000 ತಗಡು ಬೇಕು. ತೂಕ ಸುಮಾರು 1,800 ಟನ್. ಇಷ್ಟನ್ನೂ ಹಡಗಿಗೆ ಹೇರಿ, ಸಾಗರ ದಾಟಿಸಿ, ಬಂದರೇ ಇಲ್ಲದ ಕಡಲತೀರದಲ್ಲಿ ಇಳಿಸಿ, ಕಾಡಿನೊಳಗೆ ಹೊತ್ತು ತರಬೇಕು. ಮೇಲೆ ಶತ್ರು ವಿಮಾನ ಸುತ್ತುತ್ತಿರುತ್ತದೆ.

ಈ ತಗಡಿನ ಬಗ್ಗೆ ಓದುವವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ನಾನೂ ಮಾಡಿದ್ದೆ. ತಗಡು ಹಾಸಿದರೆ ರನ್‌ವೇ ಆಯಿತು ಅಂದುಕೊಳ್ಳುತ್ತೇವೆ. ಅದು ನಿಜವಲ್ಲ. ರನ್‌ವೇ ಇರುವುದು ತಗಡಿನ ಕೆಳಗೆ. ಮಣ್ಣು ಹಸಿಯಾಗಿದ್ದು ನೀರು ಹೋಗೋಕೆ ದಾರಿ ಇಲ್ಲದಿದ್ದರೆ, ವಿಮಾನದ ಚಕ್ರ ಒತ್ತಿದಾಗಲೆಲ್ಲ ಈ 87 ತೂತುಗಳಿಂದ ಕೆಸರು ಮೇಲಕ್ಕೆ ಚಿಮ್ಮುತ್ತದೆ. ಹೊರಗೆ ಬಂದ ಕೆಸರಿನಷ್ಟೇ ಜಾಗ ಕೆಳಗೆ ಖಾಲಿಯಾಗುತ್ತದೆ. ತಗಡು ಬಾಗುತ್ತದೆ, ಕೊಕ್ಕೆ ಕಿತ್ತು ಬರುತ್ತದೆ, ಅದರ ಮೂಲೆ ಟೈರಿಗೆ ಚಾಕುವಿನ ಹಾಗೆ ನಿಲ್ಲುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ. ಯುದ್ಧ ಬಂತು ಅಂತ ಮಣ್ಣು ತನ್ನ ನಿಯಮ ಬಿಡುವುದಿಲ್ಲ. ಶಾಂತಿಕಾಲದಲ್ಲಿ ಅದು ಏನು ಕೇಳುತ್ತದೋ ಯುದ್ಧಕಾಲದಲ್ಲೂ ಅದನ್ನೇ ಕೇಳುತ್ತದೆ. ಚರಂಡಿ ಕೇಳುತ್ತದೆ, ಇಳಿಜಾರು ಕೇಳುತ್ತದೆ, ಗಟ್ಟಿಯಾಗಿ ದಮ್ಮಸು ಹೊಡಿ ಅನ್ನುತ್ತದೆ. ಯುದ್ಧ ಕಿತ್ತುಕೊಳ್ಳುವುದು ಸಮಯವನ್ನು ಮಾತ್ರ. ಸಮಯವೇ ಇಲ್ಲದೆ ಮಣ್ಣನ್ನು ಒಪ್ಪಿಸಿದವರು ಸೇನೆಯ ಎಂಜಿನಿಯರುಗಳು. ಅವರ ಬಗ್ಗೆ ನನಗೆ ಬಹಳ ಗೌರವ.

ಇಲ್ಲಿ ರಸ್ತೆ ಕೆಲಸ ಮಾಡುವವರು ಒಂದಿಷ್ಟು ಜನ ಇದ್ದೀರಿ, ನಿಮಗೆ ಸಿ.ಬಿ.ಆರ್. ಪರೀಕ್ಷೆ ಗೊತ್ತು. ಉಳಿದವರಿಗೆ ಹೇಳುತ್ತೇನೆ, ಮಣ್ಣು ಎಷ್ಟು ಭಾರ ತಡೆಯುತ್ತದೆ ಅಂತ ಅಳೆಯುವ ಪರೀಕ್ಷೆ ಅದು. ಮಣ್ಣನ್ನು ಒಂದು ಕಬ್ಬಿಣದ ಅಚ್ಚಿನಲ್ಲಿ ಗಟ್ಟಿಯಾಗಿ ತುಂಬಿ, ನಾಲ್ಕು ದಿನ ನೀರಿನಲ್ಲಿ ನೆನೆಹಾಕುತ್ತಾರೆ. ಆಮೇಲೆ 50 ಮಿಲಿಮೀಟರ್ ದಪ್ಪದ ಉಕ್ಕಿನ ಕೋಲನ್ನು ಅದರೊಳಗೆ ನಿಧಾನವಾಗಿ ಒತ್ತುತ್ತಾರೆ. ಎರಡೂವರೆ ಮಿಲಿಮೀಟರ್ ಇಳಿಯಲು ಎಷ್ಟು ಭಾರ ಬೇಕಾಯಿತು ಅಂತ ನೋಡುತ್ತಾರೆ. ಒಳ್ಳೆಯ ಜಲ್ಲಿಗೆ 1,370 ಕೆಜಿ ಬೇಕು. ನಿಮ್ಮ ಮಣ್ಣಿಗೆ 137 ಕೆಜಿಯೇ ಸಾಕಾಯಿತು ಅಂದರೆ ಅದರ ಸಿ.ಬಿ.ಆರ್. 10. ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಲ್ಲಿದ್ದ ಒ. ಜೆ. ಪೋರ್ಟರ್ ಎಂಬ ಎಂಜಿನಿಯರ್ 1920ರ ದಶಕದ ಕೊನೆಯಲ್ಲಿ ರಸ್ತೆಗಾಗಿ ಮಾಡಿಕೊಂಡ ಪರೀಕ್ಷೆ ಇದು.

ಯುದ್ಧ ಶುರುವಾದಾಗ ಅಮೆರಿಕದ ಸೈನ್ಯದ ಎಂಜಿನಿಯರುಗಳಿಗೆ ಒಂದು ತಲೆನೋವು ಬಂತು. ಬಾಂಬರ್ ವಿಮಾನಗಳ ತೂಕ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಬಿ-29 ಬಂದಾಗ ತುಂಬಿದ ವಿಮಾನ ಸುಮಾರು 60 ಟನ್ ತೂಗುತ್ತಿತ್ತು. ಅಂಥ ಚಕ್ರದ ಕೆಳಗೆ ಜಲ್ಲಿ ಎಷ್ಟು ದಪ್ಪ ಹಾಕಬೇಕು? ಹೊಸದಾಗಿ ಸಂಶೋಧನೆ ಮಾಡುತ್ತ ಕೂರಲು ಪುರುಸೊತ್ತಿಲ್ಲ. ಅದಕ್ಕೇ ರಸ್ತೆಯವರ ಈ ಪರೀಕ್ಷೆಯನ್ನು 1942ರಲ್ಲಿ ಎತ್ತಿಕೊಂಡರು. ಸರಳ ಯಂತ್ರ, ಡೇರೆಯಲ್ಲೇ ಮಾಡಬಹುದು. ಅದೇ ವರ್ಷ ಆರ್ಥರ್ ಕಾಸಾಗ್ರಾಂಡೆ ಅನ್ನುವ ಮಣ್ಣಿನ ವಿಜ್ಞಾನಿ ಸೈನ್ಯದವರಿಗೆ ಮಣ್ಣನ್ನು ಗುರುತಿಸುವ ಒಂದು ಪದ್ಧತಿ ಮಾಡಿಕೊಟ್ಟರು. ಇದು ಮರಳೋ, ಜೇಡಿಯೋ, ಗೋಡೋ, ನೀರು ಬಿದ್ದರೆ ಹೇಗೆ ವರ್ತಿಸುತ್ತದೆ ಅಂತ ಬೇಗ ಹೇಳುವ ಪದ್ಧತಿ. ಇವತ್ತು ನಮ್ಮ ಯಾವುದೇ ರಸ್ತೆಯ ಫೈಲು ತೆಗೆದರೂ ಇವೆರಡೂ ಇರುತ್ತವೆ. ಯುದ್ಧದ ರನ್‌ವೇಗಾಗಿ ತಿದ್ದಿ ಬೆಳೆಸಿದ ಲೆಕ್ಕದ ಮೇಲೆ ನಾವು ದಿನಾ ಓಡಾಡುತ್ತಿದ್ದೇವೆ.

ನೆನೆಹಾಕುವ ಆ ನಾಲ್ಕು ದಿನದ ಬೆಲೆ ನನಗೆ ಕಷ್ಟದಿಂದ ಗೊತ್ತಾಯಿತು. ಕೆಲಸಕ್ಕೆ ಸೇರಿದ ಹೊಸತು. ಒಂದು ರಸ್ತೆಯ ಮಣ್ಣನ್ನು ಒಣಗಿದ್ದ ಹಾಗೇ ಪರೀಕ್ಷೆ ಮಾಡಿದರು, ಬೇಸಿಗೆಯಲ್ಲಿ. ಅಂಕಿ ಚೆನ್ನಾಗಿ ಬಂತು. ಮೇಲಿನವರಿಗೆ ಅವಸರ, ನಾನೂ ಸಹಿ ಹಾಕಿದೆ. ಮೊದಲ ಮಳೆಗಾಲದಲ್ಲೇ ಲಾರಿ ಚಕ್ರದ ಎರಡು ಹಳ್ಳ ಉದ್ದಕ್ಕೂ ಬಿದ್ದವು. ಅಗೆದು ನೋಡಿದರೆ ಜಲ್ಲಿ ಕೆಳಗಿನ ಜೇಡಿಯೊಳಗೆ ಹೂತು ಹೋಗಿತ್ತು. ಆ ಗುಂಡಿಯ ಪಕ್ಕ ನಿಂತಿದ್ದಾಗಲೇ ಯೋಚನೆ ಬಂತು. ನನಗೆ ನಾಲ್ಕು ದಿನ ಕಾಯುವ ಅವಕಾಶ ಇತ್ತು, ಕಾಯಲಿಲ್ಲ. ನಾಲ್ಕು ಗಂಟೆಯೂ ಇಲ್ಲದವರು ಏನು ಮಾಡಿದರು? ಈ ವಿಷಯದ ಹಿಂದೆ ಬಿದ್ದದ್ದು ಅಲ್ಲಿಂದ.

ಗ್ವಾಡಲ್‌ಕನಾಲ್‌ಗೆ ಬರೋಣ. ಸಾಲೊಮನ್ ದ್ವೀಪಗಳಲ್ಲಿ ಒಂದು. 1942ರ ಜುಲೈನಲ್ಲಿ ಜಪಾನೀಯರು ಅಲ್ಲಿ ವಿಮಾನ ನಿಲ್ದಾಣ ಕಟ್ಟಲು ಶುರುಮಾಡಿದರು. ಅದು ಮುಗಿದುಬಿಟ್ಟರೆ ಅಮೆರಿಕದಿಂದ ಆಸ್ಟ್ರೇಲಿಯಾಗೆ ಹೋಗುವ ಹಡಗುಗಳೆಲ್ಲ ಅವರ ಬಾಂಬರುಗಳ ಕೈಗೆ ಸಿಗುತ್ತಿದ್ದವು. ಆಗಸ್ಟ್ 7ರಂದು ಅಮೆರಿಕದ ಮರೀನ್ ಪಡೆ ದ್ವೀಪಕ್ಕೆ ಇಳಿಯಿತು. ಒಂದು ವಿಷಯ ಗಮನಿಸಿ. ಅವರು ಇಳಿದದ್ದು ಊರಿಗಾಗಿ ಅಲ್ಲ, ಗಣಿಗಾಗಿ ಅಲ್ಲ. ಅರ್ಧ ಕಟ್ಟಿದ ಒಂದು ಮಣ್ಣಿನ ಪಟ್ಟಿಗಾಗಿ. ಮುಂದೆ ಆರು ತಿಂಗಳು ಸಾವಿರಾರು ಜನ ಸತ್ತದ್ದು ಆ ಪಟ್ಟಿಗಾಗಿಯೇ.

ಜಪಾನೀಯರು ಎರಡೂ ತುದಿಗಳಿಂದ ಕಟ್ಟುತ್ತ ಬಂದಿದ್ದರು. ನಡುವೆ ಸುಮಾರು 200 ಅಡಿ ತುಂಬಿಸುವುದು ಬಾಕಿ ಇತ್ತು. ಮರೀನ್ ಎಂಜಿನಿಯರುಗಳ ಕೈ ಖಾಲಿ. ಇಳಿದ ಎರಡೇ ದಿನಕ್ಕೆ ಪಕ್ಕದ ಸಮುದ್ರದಲ್ಲಿ ದೊಡ್ಡ ಸೋಲಾಗಿ, ಸಾಮಾನು ಹೊತ್ತ ಹಡಗುಗಳು ಪೂರ್ತಿ ಇಳಿಸದೆಯೇ ಹೊರಟುಹೋದವು. ಅವರ ಯಂತ್ರಗಳು ಬಹುಪಾಲು ಆ ಹಡಗುಗಳ ಹೊಟ್ಟೆಯಲ್ಲೇ ಉಳಿದವು. ಆದರೆ ಓಡಿಹೋದ ಜಪಾನೀಯರು ತಮ್ಮ ರೋಲರುಗಳು, ಟ್ರ್ಯಾಕ್ಟರುಗಳು, ಲಾರಿಗಳು, ಮಣ್ಣು ಸಾಗಿಸುವ ಪುಟ್ಟ ರೈಲು ಬಂಡಿಗಳನ್ನು ಬಿಟ್ಟಿದ್ದರು. ಅಕ್ಕಿ ಮೂಟೆಗಳನ್ನೂ ಬಿಟ್ಟಿದ್ದರು. ಶತ್ರುವಿನ ಅಕ್ಕಿಯ ಅನ್ನ ಉಂಡು, ಶತ್ರುವಿನ ರೋಲರ್ ಓಡಿಸಿ, ಶತ್ರು ಶುರುಮಾಡಿದ್ದ ರನ್‌ವೇಯನ್ನು ಇವರು ಮುಗಿಸಿದರು. ಆಗಸ್ಟ್ 20ರಂದು ಮೊದಲ ಯುದ್ಧವಿಮಾನಗಳು ಬಂದಿಳಿದವು, ಒಟ್ಟು 31. ಇಳಿದ ದಿನದಿಂದ ಲೆಕ್ಕ ಹಾಕಿದರೆ ಎರಡು ವಾರವೂ ಆಗಿರಲಿಲ್ಲ.

ಸೆಪ್ಟೆಂಬರ್ 1ರಂದು ಸೀಬೀಗಳು ಬಂದರು. ಈ ಹೆಸರಿನ ಕಥೆ ಹೇಳಲೇಬೇಕು. ಕನ್‌ಸ್ಟ್ರಕ್ಷನ್ ಬೆಟಾಲಿಯನ್ ಅನ್ನುವುದರ ಮೊದಲ ಅಕ್ಷರಗಳು ಸಿ ಮತ್ತು ಬಿ. ಅದನ್ನೇ ಕೂಡಿಸಿ ಸೀಬೀ ಅಂದರು. ಇಂಗ್ಲಿಷಿನಲ್ಲಿ ಕೇಳಿದರೆ ಕಡಲ ಜೇನ್ನೊಣ ಅಂತ ಅರ್ಥ ಬರುತ್ತದೆ. ಅವರ ಲಾಂಛನದಲ್ಲೂ ಜೇನ್ನೊಣವೇ ಇದೆ. ಬೆನ್ ಮೊರೀಲ್ ಅನ್ನುವ ನೌಕಾಪಡೆಯ ಎಂಜಿನಿಯರ್ ಅಧಿಕಾರಿ ಈ ಪಡೆ ಕಟ್ಟಿದ್ದು 1942ರ ಆರಂಭದಲ್ಲಿ. ಇದರ ಹಿಂದೆ ಒಂದು ನೋವಿದೆ. ವೇಕ್ ಅನ್ನುವ ದ್ವೀಪದಲ್ಲಿ 1,100ಕ್ಕೂ ಹೆಚ್ಚು ಸಾಮಾನ್ಯ ಕಟ್ಟಡ ಕೆಲಸಗಾರರು ಸೈನ್ಯಕ್ಕಾಗಿ ದುಡಿಯುತ್ತಿದ್ದರು. 1941ರ ಡಿಸೆಂಬರಿನಲ್ಲಿ ಜಪಾನೀಯರು ದ್ವೀಪ ಹಿಡಿದಾಗ ಅವರೂ ಸೆರೆಯಾದರು. ಕೆಲವರನ್ನು ಅಲ್ಲೇ ದುಡಿಸಿಕೊಂಡರು. 1943ರ ಅಕ್ಟೋಬರಿನಲ್ಲಿ ಹಾಗೆ ಉಳಿದಿದ್ದ 98 ಜನರನ್ನು ಕೊಂದುಹಾಕಿದರು. ಸಮವಸ್ತ್ರ ಇಲ್ಲದ ಕೆಲಸಗಾರ ಬಂದೂಕು ಹಿಡಿಯುವ ಹಾಗಿಲ್ಲ, ಹಿಡಿದು ಸಿಕ್ಕಿಬಿದ್ದರೆ ಯುದ್ಧಕೈದಿಯ ರಕ್ಷಣೆಯೂ ಇಲ್ಲ. ಹಾಗಾಗಿ ಕಟ್ಟುವವರನ್ನೇ ಸೈನಿಕರನ್ನಾಗಿ ಮಾಡಿದರು.

ಮೊದಲು ಸೇರಿದವರ ಸರಾಸರಿ ವಯಸ್ಸು 37. ಸೈನ್ಯದ ಲೆಕ್ಕದಲ್ಲಿ ಮುದುಕರು. ಆದರೆ ಅಣೆಕಟ್ಟು, ಹೆದ್ದಾರಿ, ಸುರಂಗ ಅಂತ ಹತ್ತಿಪ್ಪತ್ತು ವರ್ಷ ದುಡಿದವರು. ಗಾರೆಯವರು, ಬಡಗಿಗಳು, ಡೋಜರ್ ಓಡಿಸುವವರು, ಪ್ಲಂಬರುಗಳು. ಮಣ್ಣು ಹಿಡಿದು ಹಿಸುಕಿದರೆ ಅದರಲ್ಲಿ ನೀರೆಷ್ಟಿದೆ ಅಂತ ಹೇಳುವ ಕೈಗಳು. ಯುದ್ಧದಲ್ಲಿ ಸಮಯ ಉಳಿಸಿದ್ದು ಈ ಕೈಗಳೇ ಅಂತ ನಾನು ನಂಬುತ್ತೇನೆ. ಯಂತ್ರ ಆಮೇಲೆ.

ಅವರು ಗ್ವಾಡಲ್‌ಕನಾಲ್‌ನಲ್ಲಿ ಮಾಡಿದ್ದನ್ನು ಹತ್ತಿರದಿಂದ ನೋಡೋಣ. ರನ್‌ವೇ ಮೇಲೆ ಪ್ರತಿದಿನ ಬಾಂಬು ಬೀಳುತ್ತಿತ್ತು. ನಮ್ಮ ಮನಸ್ಸಿಗೆ ಏನನ್ನಿಸುತ್ತದೆ? ಬಾಂಬು ಬಿದ್ದರೆ ರನ್‌ವೇ ಹೋಯಿತು, ಅಲ್ವಾ? ಇವರು ಅದನ್ನು ಬೇರೆ ತರಹ ನೋಡಿದರು. ಬಾಂಬು ಬೀಳುವುದು ಖಂಡಿತ. ಹಾಗಾದರೆ ಬೀಳುವ ಮೊದಲೇ ರಿಪೇರಿ ಅರ್ಧ ಮುಗಿಸಿಡಬಹುದಲ್ಲ? ಸುಮ್ನೆ ಅಂದಾಜಿನ ಮೇಲೆ ಹೋಗಲಿಲ್ಲ, ಗುಂಡಿಗಳನ್ನು ಅಳೆದರು. 500 ಪೌಂಡಿನ ಬಾಂಬು ಬಿದ್ದರೆ ಸುಮಾರು 1,600 ಚದರಡಿ ತಗಡು ಹಾಳಾಗುತ್ತದೆ ಅಂತ ಕಂಡುಕೊಂಡರು. ನಮ್ಮ ಲೆಕ್ಕದಲ್ಲಿ 128 ತಗಡು. ಅಷ್ಟಷ್ಟು ತಗಡಿನ ಕಟ್ಟುಗಳನ್ನು ಮಾಡಿ ರನ್‌ವೇ ಉದ್ದಕ್ಕೂ ಇಟ್ಟರು. ಒಂದು ಗುಂಡಿಗೆ ಎಷ್ಟು ಮರಳು, ಗ್ರಾವೆಲ್ ಬೇಕೋ ಅಷ್ಟನ್ನು ಲಾರಿಗಳಿಗೆ ಮೊದಲೇ ತುಂಬಿಸಿ ಮರೆಯಲ್ಲಿ ನಿಲ್ಲಿಸಿದರು. ಮಣ್ಣು ಕುಟ್ಟಲು ಗಾಳಿಯಂತ್ರದ ದಮ್ಮಸುಗಳನ್ನು ಸಜ್ಜಾಗಿಟ್ಟರು.

ಶತ್ರು ವಿಮಾನ ತಿರುಗಿತೋ ಇಲ್ಲವೋ, ಎಲ್ಲರೂ ಗುಂಡಿಗೆ ಓಡುತ್ತಿದ್ದರು. ಅಡುಗೆಯವರೂ ಸೌಟು ಬಿಟ್ಟು ಬರುತ್ತಿದ್ದರು. ಮುರಿದ ತಗಡು ಎಳೆದು ಹಾಕು. ಲಾರಿ ಹಿಂದಕ್ಕೆ ತಂದು ಸುರಿ. ಒಂದು ಪದರ ಹರಡು, ಕುಟ್ಟು. ಮತ್ತೊಂದು ಪದರ, ಮತ್ತೆ ಕುಟ್ಟು. ಗುಂಡಿಯ ಅಂಚಿನ ತಗಡಿಗೆ ಹೊಸ ತಗಡಿನ ಕೊಕ್ಕೆ ಸಿಕ್ಕಿಸು. ನೂರು ಜನ ಸೇರಿ 40 ನಿಮಿಷದಲ್ಲಿ ಒಂದು ಗುಂಡಿ ಮುಗಿಸುತ್ತಿದ್ದರು. ನನ್ನನ್ನು ಹಿಡಿದು ನಿಲ್ಲಿಸುವುದು ಆ ಎರಡು ಪದರಗಳು. ತಲೆ ಮೇಲೆ ತಮ್ಮದೇ ವಿಮಾನಗಳು ಪೆಟ್ರೋಲ್ ಮುಗಿಯುತ್ತ ಸುತ್ತುತ್ತಿವೆ, ಇಳಿಯಲು ಜಾಗ ಇಲ್ಲ. ಆಗಲೂ ಪದರ ಪದರವಾಗಿ ಕುಟ್ಟಿದರು. ಒಂದೇ ಸಲ ಸುರಿದು ಮುಚ್ಚಿದರೆ ಇನ್ನೂ ಬೇಗ ಆಗುತ್ತಿತ್ತು. ಆದರೆ ಸಡಿಲ ಮಣ್ಣಿನ ಮೇಲೆ ಇಳಿದ ಮೊದಲ ವಿಮಾನವೇ ಮೂತಿ ಕೆಳಗಾಗಿ ಬೀಳುತ್ತಿತ್ತು. ಅದು ಅವರಿಗೆ ಗೊತ್ತಿತ್ತು.

ಅಕ್ಟೋಬರ್ 13ರ ರಾತ್ರಿ ಜಪಾನಿನ ಎರಡು ದೊಡ್ಡ ಯುದ್ಧನೌಕೆಗಳು, ಕೊಂಗೊ ಮತ್ತು ಹರುನ, ಕತ್ತಲಲ್ಲಿ ಬಂದು ನಿಲ್ದಾಣದ ಮೇಲೆ 900ಕ್ಕೂ ಹೆಚ್ಚು ಶೆಲ್ ಹಾರಿಸಿದವು. ಒಂದೊಂದೂ 14 ಇಂಚು ದಪ್ಪದ್ದು. ಬಹುಪಾಲು ವಿಮಾನಗಳು, ಪೆಟ್ರೋಲ್ ಸುಟ್ಟುಹೋದವು. ಬೆಳಿಗ್ಗೆ ಅಳಿದುಳಿದ ವಿಮಾನಗಳು ಪಕ್ಕದ ಹುಲ್ಲಿನ ಪಟ್ಟಿಯಿಂದ ಎದ್ದವು. ಅದನ್ನೂ ಇದೇ ಜನ ಮೊದಲೇ ಸಿದ್ಧ ಮಾಡಿಟ್ಟಿದ್ದರು.

ಆ ನಿಲ್ದಾಣಕ್ಕೆ ಹೆಂಡರ್ಸನ್ ಫೀಲ್ಡ್ ಅಂತ ಹೆಸರಿಟ್ಟರು. ಮಿಡ್‌ವೇ ಕದನದಲ್ಲಿ ಸತ್ತ ಪೈಲಟ್ ಲಾಫ್ಟನ್ ಹೆಂಡರ್ಸನ್ ನೆನಪಿಗೆ. ಆತ ವೀರ, ಗೌರವ ಸಲ್ಲಬೇಕಾದ್ದೇ. ಆದರೂ ಗುಂಡಿ ಮುಚ್ಚಿದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಯುರೋಪ್ ಬಗ್ಗೆ, ಆಮೇಲಿನ ಪೆಸಿಫಿಕ್ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಸೈನ್ಯ ಇಳಿದ ಸಂಜೆಯೇ ಪೂಪ್‌ವಿಲ್ ಹತ್ತಿರ ತುರ್ತಾಗಿ ಇಳಿಯುವ ಪಟ್ಟಿಯೊಂದು ಸಿದ್ಧವಾಗಿತ್ತು. ಟಿನಿಯಾನ್ ದ್ವೀಪದಲ್ಲಿ 8,500 ಅಡಿಯ ನಾಲ್ಕು ರನ್‌ವೇಗಳನ್ನು ಸೀಬೀಗಳು ಹವಳದ ಕಲ್ಲು ಅಗೆದು ಕಟ್ಟಿದರು. ಹವಳದ ಪುಡಿಗೆ ನೀರು ಹಾಕಿ ರೋಲರ್ ಓಡಿಸಿದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಹಿರೋಷಿಮಾದ ಮೇಲೆ ಬಾಂಬು ಹಾಕಿದ ವಿಮಾನ ಎದ್ದದ್ದು ಅಲ್ಲಿಂದಲೇ. ಒಳ್ಳೆಯ ರನ್‌ವೇ ಯಾವುದಕ್ಕೆ ಬಳಕೆಯಾಗುತ್ತದೆ ಅನ್ನುವುದು ಕಟ್ಟಿದವನ ಕೈಯಲ್ಲಿ ಇರುವುದಿಲ್ಲ. ಈ ಮಾತು ಹೇಳುವಾಗ ನನಗೆ ಪ್ರತಿಸಲ ಭಾರ ಅನ್ನಿಸುತ್ತದೆ.

ಬರ್ಮಾದ ಕಾಡು ಬೇರೆಯದೇ ಲೋಕ. 1944ರ ಮಾರ್ಚ್ 5ರ ರಾತ್ರಿ ಬ್ರಿಟಿಷ್ ಸೇನೆಯ ಚಿಂಡಿಟ್ ಪಡೆಯವರು ಗ್ಲೈಡರುಗಳಲ್ಲಿ ಜಪಾನೀಯರ ಬೆನ್ನ ಹಿಂದೆ, ಕಾಡಿನ ನಡುವಿನ ಒಂದು ಬಯಲಿಗೆ ಇಳಿದರು. ಅದಕ್ಕೆ ಬ್ರಾಡ್‌ವೇ ಅಂತ ಗುಪ್ತ ಹೆಸರು. ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ಇನ್ನೊಂದು ವಿಮಾನ ಹಗ್ಗ ಕಟ್ಟಿ ಎಳೆದು ತಂದು ಬಿಡುತ್ತದೆ, ಆಮೇಲೆ ಇಳಿಯುವುದೊಂದೇ ದಾರಿ. ಮೇಲಿನಿಂದ ತೆಗೆದ ಫೋಟೋದಲ್ಲಿ ಬಯಲು ಸಮವಾಗಿ ಕಂಡಿತ್ತು. ಆದರೆ ಎತ್ತರದ ಹುಲ್ಲಿನ ಅಡಿಯಲ್ಲಿ, ತೇಗದ ದಿಮ್ಮಿಗಳನ್ನು ಎಳೆದು ಎಳೆದು ಬಿದ್ದ ಆಳದ ಜಾಡುಗಳಿದ್ದವು. ಗ್ಲೈಡರಿನ ಚಕ್ರಗಳು ಅದರಲ್ಲಿ ಸಿಕ್ಕಿ ಮುರಿದವು. ಹಿಂದೆ ಬಂದ ಗ್ಲೈಡರುಗಳು ಮುಂದಿನವಕ್ಕೆ ಗುದ್ದಿದವು. ಕತ್ತಲಲ್ಲಿ ಹಲವರು ಸತ್ತರು. ಎಂಜಿನಿಯರ್ ತಂಡದ ನಾಯಕನೂ ಸತ್ತ.

ಬೆಳಗಾಯಿತು. ಗ್ಲೈಡರಿನಲ್ಲಿ ಹಿಡಿಸುವ ಪುಟ್ಟ ಬುಲ್ಡೋಜರುಗಳನ್ನು ತಂದಿದ್ದರು. ಉಳಿದ ಒಬ್ಬ ಕಿರಿಯ ಅಧಿಕಾರಿಯನ್ನು ಕೇಳಿದರು, ಪಟ್ಟಿ ಮಾಡಲು ಎಷ್ಟು ಹೊತ್ತು ಬೇಕು ಅಂತ. ಇವತ್ತು ಮಧ್ಯಾಹ್ನಕ್ಕೆ ಮುಗಿಸಿದರೆ ಆಗುತ್ತದಾ ಅಂತ ಆತ ತಿರುಗಿ ಕೇಳಿದನಂತೆ. ಕೈಗೆ ಸಿಕ್ಕ ಸೈನಿಕರೆಲ್ಲ ಗುದ್ದಲಿ ಹಿಡಿದರು. ಜಾಡು ತುಂಬಿಸಿದರು, ಹುಲ್ಲು ಕೊಯ್ದರು. ಆ ರಾತ್ರಿಯೇ ಡಕೋಟಾ ಸಾಗಣೆ ವಿಮಾನಗಳು ಒಂದರ ಹಿಂದೆ ಒಂದು ಇಳಿದವು. ಅಲ್ಲಿನ ಬ್ರಿಗೇಡಿಯರ್ ಮೈಕೆಲ್ ಕ್ಯಾಲ್ವರ್ಟ್ ಸ್ವತಃ ಎಂಜಿನಿಯರ್ ದಳದಿಂದ ಬಂದವರು. ಅಂಥ ಬೆಳಿಗ್ಗೆ ಅದು ಎಷ್ಟು ಆಸರೆಯಾಗಿರಬೇಕು, ಯೋಚಿಸಿ.

ಬರ್ಮಾದಲ್ಲಿ ಇನ್ನೊಂದು ಸಮಸ್ಯೆ ಮಳೆ. ಉಕ್ಕಿನ ತಗಡು ಸಾಲುತ್ತಿರಲಿಲ್ಲ, ಜಲ್ಲಿಯೂ ಇರಲಿಲ್ಲ. ಬ್ರಿಟಿಷರ ಹದಿನಾಲ್ಕನೇ ಸೇನೆಯ ಎಂಜಿನಿಯರುಗಳು ಏನು ಮಾಡಿದರು ಗೊತ್ತಾ? ಸೆಣಬಿನ ಬಟ್ಟೆ ತೆಗೆದುಕೊಂಡರು. ನಮ್ಮ ಗೋಣಿಚೀಲದ ಬಟ್ಟೆ. ಅದರ ಉದ್ದುದ್ದ ಸುರುಳಿಗಳನ್ನು ಡಾಂಬರಿನಲ್ಲಿ ಅದ್ದಿದರು. ಮಣ್ಣನ್ನು ಚೆನ್ನಾಗಿ ಸಮ ಮಾಡಿ, ಕುಟ್ಟಿ, ಎರಡೂ ಕಡೆ ಇಳಿಜಾರು ಕೊಟ್ಟು, ಅದರ ಮೇಲೆ ಈ ಸುರುಳಿಗಳನ್ನು ಅಂಚಿನ ಮೇಲೆ ಅಂಚು ಬರುವ ಹಾಗೆ ಹಾಸಿದರು. ಹೆಂಚು ಹೊದಿಸುವಾಗ ಒಂದರ ಮೇಲೊಂದು ಏರಿಸುತ್ತೇವಲ್ಲ, ಹಾಗೆ. ಬಿಟ್‌ಹೆಸ್ ಅಂತ ಇದರ ಹೆಸರು. ಬಟ್ಟೆ ವಿಮಾನದ ಭಾರ ಹೊರುವುದಿಲ್ಲ, ಅದರ ಕೆಲಸ ನೀರನ್ನು ಹೊರಗಿಡುವುದು ಅಷ್ಟೇ. ಕೆಳಗಿನ ಮಣ್ಣು ಒಣಗಿದ್ದರೆ ಭಾರ ಅದೇ ಹೊರುತ್ತದೆ. ಹರಿದ ಕಡೆ ದಿನಾ ತೇಪೆ ಹಾಕಬೇಕಿತ್ತು. ತಾಮುವಿನಿಂದ ಕಲೇವಾ ಕಡೆಗೆ ಹೋಗುವ ದಾರಿಯಲ್ಲೂ ಮೈಲಿಗಟ್ಟಲೆ ಇದನ್ನೇ ಹಾಸಿದರು. ಸೆಣಬು ಬೆಳೆದದ್ದು ಬಂಗಾಳದ ರೈತರು. ಅವರ ಗದ್ದೆಯ ಬೆಳೆ ಯುದ್ಧವಿಮಾನದ ಚಕ್ರದ ಕೆಳಗೆ ಬಂದು ಕೂತಿತು. ಮಣ್ಣನ್ನು ಅರ್ಥ ಮಾಡಿಕೊಂಡವನಿಗೆ ಬಟ್ಟೆಯೂ ರನ್‌ವೇ ಆಗುತ್ತದೆ ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಯಂತ್ರವೂ ಇಲ್ಲ, ತಗಡೂ ಇಲ್ಲ ಅಂದರೆ? ಆಗ ಉಳಿಯುವುದು ಜನ. ಚೀನಾದ ಚೆಂಗ್ಡು ಸುತ್ತ 1944ರ ಆರಂಭದಲ್ಲಿ ಬಿ-29 ಬಾಂಬರುಗಳಿಗೆ ರನ್‌ವೇ ಬೇಕಾಯಿತು. ಮೂರು ಲಕ್ಷಕ್ಕೂ ಹೆಚ್ಚು ರೈತರನ್ನು ಸರ್ಕಾರ ಕರೆಸಿ ದುಡಿಸಿತು. ಹೊಳೆಯಿಂದ ಗುಂಡುಕಲ್ಲು ಹೊತ್ತು ತಂದರು, ಸುತ್ತಿಗೆಯಲ್ಲಿ ಒಡೆದು ಜಲ್ಲಿ ಮಾಡಿದರು, ಹೆಗಲ ಕೋಲಿಗೆ ಬುಟ್ಟಿ ತೂಗುಹಾಕಿ ಸಾಗಿಸಿದರು. ಆಳೆತ್ತರದ ಕಲ್ಲಿನ ರೋಲರುಗಳಿಗೆ ಹಗ್ಗ ಕಟ್ಟಿ ನೂರಾರು ಜನ ಎಳೆದರು. ಅಂಥ ಉರುಳು ಒಮ್ಮೆ ಹೊರಟರೆ ತಕ್ಷಣ ನಿಲ್ಲುವುದಿಲ್ಲ. ಮುಂದೆ ಜಾರಿ ಬಿದ್ದವರು ಅದರ ಕೆಳಗೆ ಸಿಕ್ಕಿ ಸತ್ತದ್ದೂ ಉಂಟು. ಏಪ್ರಿಲ್ ಕೊನೆಗೆ ಮೊದಲ ಬಿ-29 ಅಲ್ಲಿ ಇಳಿಯಿತು. ಫೋಟೋಗಳಲ್ಲಿ ಆ ಹಗ್ಗದ ಸಾಲು ನೋಡಿ. ಹೆಚ್ಚಿನವರ ಕಾಲಲ್ಲಿ ಹುಲ್ಲಿನ ಚಪ್ಪಲಿ.

ಈಗ ನಮ್ಮ ದೇಶಕ್ಕೆ ಬರುತ್ತೇನೆ. 1947ರ ಕೊನೆಯಲ್ಲಿ ಜಮ್ಮು-ಕಾಶ್ಮೀರದ ಪೂಂಛ್ ಪಟ್ಟಣವನ್ನು ಪಾಕಿಸ್ತಾನದ ಕಡೆಯ ದಾಳಿಕಾರರು ಸುತ್ತುವರಿದಿದ್ದರು. ಒಳಗೆ ಬ್ರಿಗೇಡಿಯರ್ ಪ್ರೀತಮ್ ಸಿಂಗ್ ಅವರ ಪಡೆ, ಜೊತೆಗೆ ಸಾವಿರಾರು ನಿರಾಶ್ರಿತರು. ರಸ್ತೆ ಬಂದ್. ಪಡೆಯವರೂ ನಿರಾಶ್ರಿತರೂ ಸೇರಿ ಪಟ್ಟಣದ ಮೈದಾನವನ್ನು ಅಗೆದು, ಕಲ್ಲು ಆಯ್ದು, ಸಮ ಮಾಡಿ ಡಕೋಟಾ ಇಳಿಯುವಷ್ಟು ಜಾಗ ಮಾಡಿದರು. ಡಿಸೆಂಬರಿನಲ್ಲಿ ವಾಯುಪಡೆಯ ಏರ್ ಕಮೋಡೋರ್ ಮೆಹರ್ ಸಿಂಗ್ ಮೊದಲು ತಾವೇ ಇಳಿಸಿ ತೋರಿಸಿದರು. ಫಿರಂಗಿಗಳನ್ನು ರಾತ್ರಿ ಹೊತ್ತು ತಂದಿಳಿಸಿದರು. ಖಾಲಿಯಾದ ವಿಮಾನ ಗಾಯಾಳುಗಳನ್ನೂ ನಿರಾಶ್ರಿತರನ್ನೂ ಹೊತ್ತು ವಾಪಸು ಹೋಗುತ್ತಿತ್ತು. ಮಣ್ಣು ಹೊತ್ತ ಕುಟುಂಬಗಳೇ ಅದೇ ಪಟ್ಟಿಯಿಂದ ಹತ್ತಿ ಹೊರಟವು.

ಲೇಹ್ ಕಥೆ ಇನ್ನೂ ದೊಡ್ಡದು. 1948ರ ಫೆಬ್ರವರಿಯಲ್ಲಿ, ನಡು ಚಳಿಗಾಲದಲ್ಲಿ, ಪೃಥ್ವಿ ಚಂದ್ ಎಂಬ ಅಧಿಕಾರಿ ಒಂದು ಪುಟ್ಟ ತಂಡ ಕಟ್ಟಿಕೊಂಡು ಹೊರಟು, ಹಿಮ ತುಂಬಿದ ಜೋಜಿ ಲಾ ಕಣಿವೆ ದಾಟಿ ಮಾರ್ಚ್‌ನಲ್ಲಿ ಲೇಹ್ ಸೇರಿದರು. ಜೊತೆಯಲ್ಲಿ ಸೋನಂ ನೋರ್ಬು ಇದ್ದರು. ಲಡಾಖಿನವರೇ ಆದ ಎಂಜಿನಿಯರ್. ಸಿಂಧೂ ನದಿಯ ಬಳಿ ಊರಿನ ಜನರನ್ನು ಸೇರಿಸಿ ಅವರು ರನ್‌ವೇ ಕಟ್ಟಿಸಿದರು. ಡೋಜರ್ ಇಲ್ಲ, ಸಿಮೆಂಟ್ ಇಲ್ಲ. ಗುದ್ದಲಿ, ಬುಟ್ಟಿ, ಕೈ.

ಇಲ್ಲಿ ಗಾಳಿಯ ಮಾತು ಹೇಳಬೇಕು. ಲೇಹ್ ಇರುವುದು 10,000 ಅಡಿಗೂ ಮೇಲೆ. ಅಲ್ಲಿ ಗಾಳಿ ತೆಳು. ರೆಕ್ಕೆಗೆ ಎತ್ತುವ ಶಕ್ತಿ ಕಡಿಮೆ, ಎಂಜಿನ್‌ಗೂ ಉಸಿರು ಕಡಿಮೆ. ಹಾಗಾಗಿ ಏಳಲು ಜಾಸ್ತಿ ಓಡಬೇಕು. ಎತ್ತರ 300 ಮೀಟರ್ ಏರಿದ ಹಾಗೆಲ್ಲ ರನ್‌ವೇ ಉದ್ದ ನೂರಕ್ಕೆ 7ರಷ್ಟು ಜಾಸ್ತಿ ಇರಲಿ ಅಂತ ವಿಮಾನ ನಿಲ್ದಾಣ ಕಟ್ಟುವವರ ಲೆಕ್ಕ. ಲೇಹ್ ಎತ್ತರಕ್ಕೆ ಹಾಕಿ ನೋಡಿ, ಸಮುದ್ರಮಟ್ಟದಲ್ಲಿ ಬೇಕಾಗುವುದಕ್ಕಿಂತ ಮುಕ್ಕಾಲು ಪಾಲು ಜಾಸ್ತಿ ಬರುತ್ತದೆ. ಹೊರುವ ಮಣ್ಣೂ ಅಷ್ಟೇ ಜಾಸ್ತಿ. ಅದೂ ನಡೆದರೇ ಏದುಸಿರು ಬರುವ ಜಾಗದಲ್ಲಿ.

1948ರ ಮೇ 24ರಂದು ಮೆಹರ್ ಸಿಂಗ್ ಡಕೋಟಾ ಹಾರಿಸಿಕೊಂಡು ಹಿಮಾಲಯ ದಾಟಿ ಬಂದರು. ಅವರ ಹತ್ತಿರ ಆ ದಾರಿಯ ನಕ್ಷೆ ಸರಿಯಾಗಿ ಇರಲಿಲ್ಲ. ಅಂಥ ಎತ್ತರಕ್ಕೆಂದು ಮಾಡಿದ ವಿಮಾನವೂ ಅದಲ್ಲ. ಪಕ್ಕದಲ್ಲಿ ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ ಕೂತಿದ್ದರು. ಹೊಸ ರನ್‌ವೇಯಲ್ಲಿ ಮೊದಲ ಸಲ ಇಳಿಯುವ ವಿಮಾನದಲ್ಲಿ ತಾನೇ ಹೋಗಿ ಕೂರುವುದು ಅಂದರೆ ಏನು ಅಂತ ಯೋಚಿಸಿ. ಆ ಇಬ್ಬರ ಧೈರ್ಯವನ್ನು ನಾವು ಶಾಲೆಯಲ್ಲಿ ಓದಿಯಾದರೂ ತಿಳಿದಿರುತ್ತೇವೆ. ಆದರೆ ಅವರಿಗೆ ಪರಿಚಯವೇ ಇಲ್ಲದ ಲಡಾಖಿ ರೈತನೊಬ್ಬ ಕುಟ್ಟಿದ ಮಣ್ಣನ್ನು ಅವರು ನಂಬಿದರು. ಆ ಮಣ್ಣು ತಡೆಯಿತು. ಮುಂದಿನ ದಿನಗಳಲ್ಲಿ ಅದೇ ಪಟ್ಟಿಗೆ ಗೂರ್ಖಾ ಸೈನಿಕರು ಬಂದಿಳಿದರು, ಲೇಹ್ ಉಳಿಯಿತು. ಇವತ್ತು ಲೇಹ್‌ಗೆ ಹೋದರೆ ಅಲ್ಲಿನ ದೊಡ್ಡ ಆಸ್ಪತ್ರೆಗೆ ಸೋನಂ ನೋರ್ಬು ಹೆಸರಿದೆ. ನಿಲ್ಲಿಸಿ ಬೋರ್ಡು ಓದಿ.

ಕೊನೆಯದಾಗಿ ಭುಜ್. 1971ರ ಡಿಸೆಂಬರ್. ಪಾಕಿಸ್ತಾನದ ವಿಮಾನಗಳು ಬಾಂಬು ಹಾಕಿ ನಮ್ಮ ವಾಯುಪಡೆಯ ರನ್‌ವೇ ಹಾಳುಮಾಡಿದ್ದವು. ರಿಪೇರಿಗೆ ಸಾಕಷ್ಟು ಕೆಲಸಗಾರರಿಲ್ಲ. ನಿಲ್ದಾಣದ ಉಸ್ತುವಾರಿ ಸ್ಕ್ವಾಡ್ರನ್ ಲೀಡರ್ ವಿಜಯ್ ಕಾರ್ಣಿಕ್ ಅವರದು. ಪಕ್ಕದ ಮಾಧಾಪರ್ ಹಳ್ಳಿಯಿಂದ 300 ಜನ ಹೆಂಗಸರು ಬಂದರು. ಸೈರನ್ ಕೂಗಿದರೆ ಪೊದೆಗಳಿಗೆ ಓಡಿ ಅಡಗುವುದು, ಸದ್ದು ನಿಂತರೆ ಮತ್ತೆ ಬಂದು ಗುಂಡಿ ತುಂಬುವುದು. ಮೇಲಿನಿಂದ ಕಾಣಬಾರದು ಅಂತ ಹಸಿರು ಸೀರೆ ಉಟ್ಟರು. ರನ್‌ವೇಯನ್ನು ಮರೆಮಾಚಲು ಸಗಣಿ ಸಾರಿಸಿದರು. ಅಂಗಳ ಸಾರಿಸಿ ಗೊತ್ತಿದ್ದ ಕೈಗಳು. 72 ಗಂಟೆಯಲ್ಲಿ ರನ್‌ವೇ ಸಿದ್ಧವಾಯಿತು, ವಿಮಾನ ಎದ್ದಿತು. ಸರ್ಕಾರ ಅವರಿಗೆ 50,000 ರೂಪಾಯಿ ಬಹುಮಾನ ಕೊಟ್ಟಿತು. ಅದನ್ನು ಅವರು ಹಂಚಿಕೊಳ್ಳಲಿಲ್ಲ. ಊರಿಗೆ ಸಮುದಾಯ ಭವನ ಕಟ್ಟಲು ಕೊಟ್ಟುಬಿಟ್ಟರು.